ಹಳೇ ಜೆನ್ ಡಿಕ್ಕಿ ತೆಗೆಯುತ್ತಿಲ್ಲವಾ? ಲಾಕ್ ಬದಲಾಯಿಸುವ ಮೊದಲು ಇದನ್ನು ಮಾಡಿ ನೋಡಿ

ಜುಲೈ ತಿಂಗಳು, ಆಲ್ದೂರಿನಿಂದ ಚಿಕ್ಕಮಗಳೂರಿಗೆ ವಾಪಸ್ ಬರುವಾಗ ನನ್ನ ಮಾರುತಿ ಜೆನ್ ಕಾರು ಪಂಕ್ಚರ್ ಆಯಿತು. ಮಳೆ ಅಂದರೆ ಮಳೆ. ಸ್ಟೆಪ್ನಿ ಇರುವುದು ಡಿಕ್ಕಿಯ ತಳದಲ್ಲಿ, ಜಾಕಿಯೂ ಅಲ್ಲೇ. ಡಿಕ್ಕಿ ಮಾತ್ರ ಜಪ್ಪಯ್ಯ ಅಂದರೂ ತೆಗೆಯಲಿಲ್ಲ. ಸೀಟಿನ ಪಕ್ಕದ ಲಿವರ್ ಎಳೆದರೆ ಹಿಂದೆ ಎಲ್ಲೋ ಸಣ್ಣಗೆ ಟಕ್ ಅನ್ನುತ್ತದೆ, ಕೀ ಹಾಕಿದರೆ ಕೀಯೂ ತಿರುಗುತ್ತದೆ, ಆದರೆ ಬಾಗಿಲು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಎರಡು ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಇದೇ ಕಾಯಿಲೆಗೆ ಕೀ ಲಾಕನ್ನು ಹೊಸದಾಗಿ ಹಾಕಿಸಿಕೊಂಡು ಬಂದಿದ್ದೆ. ಅದರ ಲಾಭ ಅಂದರೆ ಗೊಂಚಲಿಗೆ ಇನ್ನೊಂದು ಕೀ ಸೇರಿದ್ದು, ಅಷ್ಟೇ.

ತೋಟದ ಜೀಪೊಂದು ನಿಂತಿತು. ಡ್ರೈವರ್ ಇಳಿದು ಬಂದು ಒಂದು ನಿಮಿಷ ನೋಡಿದರು. 'ಎಂತ ಮಾರಾಯ್ರೆ, ನೀವು ಒಳಗೆ ಕೂತು ಲಿವರ್ ಎಳೀರಿ, ನಾನು ಡಿಕ್ಕಿ ಒತ್ತುತ್ತೇನೆ' ಅಂದರು. ನಾನು ಎಳೆದೆ, ಅವರು ಎರಡೂ ಅಂಗೈ ಇಟ್ಟು ಬಾಗಿಲನ್ನು ಕೆಳಕ್ಕೆ ಅದುಮಿ ಬಿಟ್ಟರು. ಬಾಗಿಲು ತೆರೆಯಿತು. ಎತ್ತುವ ಬಾಗಿಲನ್ನು ಒತ್ತಿ ತೆಗೆಯುವುದು ಎಂತ ಲೆಕ್ಕ ಅಂತ ಆಮೇಲೆ ಮನೆಗೆ ಬಂದು ಬಿಚ್ಚಿ ನೋಡಿದಾಗ ತಿಳಿಯಿತು.

ಈಗ ಹೇಳುವುದು ಜೆನ್ ಇಟ್ಟುಕೊಂಡವರಿಗೆ ಮಾತ್ರ ಅಲ್ಲ. ಹಳೇ ಹ್ಯಾಚ್‌ಬ್ಯಾಕ್ (ಹಿಂದಿನ ಗಾಜಿನ ಸಮೇತ ಡಿಕ್ಕಿ ಬಾಗಿಲು ಮೇಲೇಳುವ ಕಾರು) ಯಾವುದಾದರೂ ಸರಿ, ಡಿಕ್ಕಿ ಲಾಕಿನ ತತ್ವ ಒಂದೇ. ಜೆನ್ ಹೆಸರು ಹೇಳುತ್ತಿರುವುದು ಅದು ನನ್ನ ಹತ್ತಿರ ಇರುವುದರಿಂದ, ಮತ್ತೆ ನಮ್ಮ ಕಡೆ ಅದು ಬಡವರ ಸ್ಪೋರ್ಟ್ಸ್ ಕಾರು ಆಗಿದ್ದರಿಂದ. 1993ರಲ್ಲಿ ಬಂದ ಗಾಡಿ, 993 ಸಿಸಿ ಅಲ್ಯೂಮಿನಿಯಂ ಇಂಜಿನ್ನು, ಹಗುರ ಬಾಡಿ. ತೋಟದ ರಸ್ತೆಯಲ್ಲಿ ರ‍್ಯಾಲಿ ಓಡಿಸುವ ಹುಡುಗರಿಗೆ ಇನ್ನೇನು ಬೇಕು? 2003ರಲ್ಲಿ ಇದರಲ್ಲೇ ಮೂರು ಬಾಗಿಲಿನದು ಕೂಡ ಬಂದಿತ್ತು, ಕಾರ್ಬನ್ ಮತ್ತು ಸ್ಟೀಲ್ ಅಂತ. 2006ಕ್ಕೆ ಹಳೇ ಜೆನ್ ನಿಂತೇ ಹೋಯಿತು. ಅಂದರೆ ಈಗ ರಸ್ತೆಯಲ್ಲಿರುವ ಒಂದೊಂದಕ್ಕೂ ಹತ್ತಿರ ಹತ್ತಿರ ಇಪ್ಪತ್ತು ವರ್ಷವೋ ಅದಕ್ಕಿಂತ ಜಾಸ್ತಿಯೋ ಆಗಿದೆ. ಡಿಕ್ಕಿ ಹಟ ಮಾಡುವುದು ಸಹಜ.

ಮೊದಲು ಒಳಗೆ ಏನಿದೆ ಅಂತ ತಿಳಿದುಕೊಳ್ಳಿ

ಡಿಕ್ಕಿ ಲಾಕ್ ಅಂದರೆ ಒಂದೇ ವಸ್ತು ಅಂದುಕೊಂಡಿರುತ್ತೇವೆ. ಹಾಗಲ್ಲ. ಬಾಡಿಯ ಕಡೆ ಒಂದು ಕಬ್ಬಿಣದ ಬಳೆಯಂಥದ್ದು ಇರುತ್ತದೆ, ಅದು ಸ್ಟ್ರೈಕರ್. ಬಾಗಿಲಿನ ಕಡೆ ಲ್ಯಾಚ್ ಇರುತ್ತದೆ. ಕೆಲವು ಕಾರಿನಲ್ಲಿ ಇದು ಉಲ್ಟಾ, ಲ್ಯಾಚ್ ಬಾಡಿಯಲ್ಲಿ, ಪಿನ್ನು ಬಾಗಿಲಲ್ಲಿ. ಲ್ಯಾಚಿನೊಳಗೆ ಏಡಿಯ ಕೊಂಡಿ ತರದ ಒಂದು ತುಂಡು ತಿರುಗುತ್ತದೆ. ಬಾಗಿಲು ಹಾಕಿದಾಗ ಸ್ಟ್ರೈಕರ್ ಬಂದು ಈ ಕೊಂಡಿಯನ್ನು ತಿರುಗಿಸುತ್ತದೆ, ಕೊಂಡಿ ಸ್ಟ್ರೈಕರನ್ನು ತಬ್ಬಿಕೊಳ್ಳುತ್ತದೆ. ಕೊಂಡಿ ವಾಪಸ್ ತಿರುಗದಂತೆ ಇನ್ನೊಂದು ಸಣ್ಣ ತುಂಡು ಅಡ್ಡ ಬಂದು ಕೂರುತ್ತದೆ. ಅದಕ್ಕೆ ಇಲ್ಲಿ 'ಅಡ್ಡಹಲ್ಲು' ಅಂತ ಕರೆಯೋಣ. ನೀವು ಲಿವರ್ ಎಳೆದರೂ, ಕೀ ತಿರುಗಿಸಿದರೂ ಆಗುವ ಕೆಲಸ ಒಂದೇ: ಅಡ್ಡಹಲ್ಲು ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಸ್ಪ್ರಿಂಗು ಕೊಂಡಿಯನ್ನು ತಿರುಗಿಸುತ್ತದೆ, ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಬಾಗಿಲನ್ನು ಮೇಲಕ್ಕೆ ನೂಕುತ್ತದೆ.

ಜೀಪಿನವರ ಉಪಾಯದ ಗುಟ್ಟು ಇಲ್ಲೇ ಇದೆ. ಬೀಡಿಂಗ್ ಬಾಗಿಲನ್ನು ಯಾವಾಗಲೂ ಮೇಲಕ್ಕೆ ನೂಕುತ್ತಲೇ ಇರುತ್ತದೆ, ಆ ಭಾರವೆಲ್ಲ ಅಡ್ಡಹಲ್ಲಿನ ತುದಿಯ ಮೇಲೆ ಬೀಳುತ್ತದೆ. ಒಳಗೆ ಜಿಡ್ಡು, ತುಕ್ಕು ಇದ್ದರೆ ಆ ಭಾರದಲ್ಲಿ ಹಲ್ಲು ಪೂರ್ತಿ ಸರಿಯುವುದಿಲ್ಲ. ಹೊರಗಿನಿಂದ ಬಾಗಿಲನ್ನು ಅದುಮಿದರೆ ಭಾರ ಇಳಿಯುತ್ತದೆ, ಹಲ್ಲು ಸರಿಯುತ್ತದೆ, ಕೊಂಡಿಗೂ ಸಣ್ಣದೊಂದು ಅಲುಗಾಟ ಸಿಗುತ್ತದೆ. ಸಿಟ್ಟಿನಲ್ಲಿ ಬಾಗಿಲನ್ನು ಮೇಲಕ್ಕೆ ಎಳೆದಷ್ಟೂ ಅದು ಜಾಸ್ತಿ ಬಿಗಿಯುತ್ತದೆ, ನಾವೆಲ್ಲ ಮಾಡುವುದು ಅದನ್ನೇ ಅಲ್ವಾ.

ಮುಚ್ಚಿಕೊಂಡಿದ್ದರೆ ತೆಗೆಯುವುದು ಹೇಗೆ

ಇಬ್ಬರು ಬೇಕು. ಒಬ್ಬರು ಲಿವರ್ ಎಳೆದು ಹಿಡಿದುಕೊಳ್ಳಲಿ, ಬಿಡಬಾರದು. ಇನ್ನೊಬ್ಬರು ಬೀಗದ ನೇರಕ್ಕೆ ಎರಡೂ ಅಂಗೈ ಇಟ್ಟು ಮೈಭಾರ ಹಾಕಿ ಅದುಮಿ, ತಟ್ಟನೆ ಬಿಡಲಿ. ಗಾಜಿನ ಮೇಲೆ ಒತ್ತಬೇಡಿ. ನಾಲ್ಕೈದು ಸಲ ಮಾಡಿ. ಲಿವರ್ ಇಲ್ಲದ ಕಾರಾದರೆ ಕೀ ತಿರುಗಿಸಿ ಹಿಡಿದುಕೊಂಡು ಇದನ್ನೇ ಮಾಡಿ, ಆದರೆ ಕೀಗೆ ಜಾಸ್ತಿ ಬಲ ಹಾಕಬೇಡಿ. ಹಳೇ ಕೀ ಒಳಗೇ ಮುರಿದರೆ ಒಂದು ಕೆಲಸ ಹೋಗಿ ಎರಡು ಕೆಲಸ ಆಗುತ್ತದೆ.

ಅದರಲ್ಲೂ ಬರಲಿಲ್ಲ ಅಂದರೆ ಒಳಗಿಂದ ಹೋಗಬೇಕು. ಹಿಂದಿನ ಸೀಟು ಮಡಚಿ, ಅದರ ಹಿಂದೆ ಡಿಕ್ಕಿ ಮುಚ್ಚುವ ಹಲಗೆ (ಪಾರ್ಸೆಲ್ ಟ್ರೇ) ತೆಗೆದು, ಟಾರ್ಚ್ ಹಿಡಿದು ತೆವಳಿ. ಮೂರು ಬಾಗಿಲಿನ ಕಾರಾದರೆ ಮುಂದಿನ ಸೀಟು ಬಗ್ಗಿಸಿ ನುಗ್ಗಬೇಕು, ಹೊಟ್ಟೆ ಇದ್ದವರು ತೆಳ್ಳಗಿನ ಭಾವನನ್ನೋ ಅಳಿಯನನ್ನೋ ಕಳಿಸುವುದು ಒಳ್ಳೆಯದು. ಬಾಗಿಲಿನ ಒಳಮೈಗೆ ಹೊದೆಸಿದ ಟ್ರಿಮ್ ಹಲಗೆ ಪ್ಲಾಸ್ಟಿಕ್ ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಕ್ಲಿಪ್ಪಿನ ಪಕ್ಕಕ್ಕೇ ಅಗಲ ಮೂತಿಯ ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿ ಮೀಟಿ. ಹಲಗೆಯ ಮಧ್ಯಕ್ಕೆ ಮೀಟಿದರೆ ಅದು ಹಪ್ಪಳದ ಹಾಗೆ ಮುರಿಯುತ್ತದೆ, ಯಾಕೆಂದರೆ ಇಷ್ಟು ವರ್ಷದ ಮಳೆಗೆ ಹಲಗೆ ಉಬ್ಬಿ ಪುಡಿಯಾಗುವ ಹಂತಕ್ಕೆ ಬಂದಿರುತ್ತದೆ. ನಾಲ್ಕು ಕ್ಲಿಪ್ಪಾದರೂ ಮುರಿಯುತ್ತವೆ, ಅದಕ್ಕೆ ಬೇಜಾರು ಬೇಡ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತವೆ. ಟ್ರಿಮ್ ಬಿಚ್ಚಿದ ಮೇಲೆ ಲ್ಯಾಚಿಗೆ ಬಂದು ಸೇರುವ ಕಡ್ಡಿಯೋ ವೈರೋ ಕಾಣುತ್ತದೆ. ಅದು ಯಾವ ಕಡೆಗೆ ಎಳೆಯುವಂತಿದೆ ನೋಡಿ, ಅದೇ ಕಡೆಗೆ ಸ್ಕ್ರೂಡ್ರೈವರ್‌ನಿಂದ ತಳ್ಳಿ. ಹೊರಗೆ ಒಬ್ಬರು ಅದುಮುತ್ತಿರಲಿ.

ಒಂದು ಎಚ್ಚರಿಕೆ. ಡಿಕ್ಕಿ ಹಾಕಿಕೊಳ್ಳುತ್ತಿಲ್ಲ ಅಂತ ಹಗ್ಗ ಕಟ್ಟಿಕೊಂಡು ಓಡಿಸುವವರನ್ನು ನೋಡಿದ್ದೇನೆ. ಹಿಂದಿನ ಬಾಗಿಲು ಸಂದು ಬಿಟ್ಟಿದ್ದರೆ ಸೈಲೆನ್ಸರಿನ ಹೊಗೆ ಕಾರಿನೊಳಕ್ಕೆ ಸೆಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗತಿಯಿಲ್ಲದೆ ಹಾಗೆ ಬರಬೇಕಾದರೆ ಕಿಟಕಿ ಎಲ್ಲ ಇಳಿಸಿಕೊಂಡು ಬನ್ನಿ, ಘಾಟಿ ಇಳಿಯುವ ಸಾಹಸ ಬೇಡ.

ಬಾಗಿಲು ತೆರೆದಿರುವಾಗಲೇ ರೋಗ ಹಿಡಿಯಿರಿ

ಈಗ ಮುಖ್ಯವಾದ ಪರೀಕ್ಷೆ. ಇದಕ್ಕೆ ಬೇಕಾದ್ದು ಒಂದು ಸ್ಕ್ರೂಡ್ರೈವರ್, ಐದು ನಿಮಿಷ. ಡಿಕ್ಕಿ ಮೇಲೆ ಎತ್ತಿ. ಲ್ಯಾಚಿನ ಬಾಯಿಗೆ ಸ್ಕ್ರೂಡ್ರೈವರ್‌ನ ಕಡ್ಡಿ ಇಟ್ಟು, ಸ್ಟ್ರೈಕರ್ ಬರುವ ದಿಕ್ಕಿನಲ್ಲೇ ಒಳಕ್ಕೆ ಒತ್ತಿ. ಎರಡು ಸಲ ಕ್ಲಿಕ್ ಅನ್ನಬೇಕು. ಮೊದಲನೆಯದು ಅರ್ಧ ಬೀಗ, ಎರಡನೆಯದು ಪೂರ್ತಿ ಬೀಗ. ಈಗ ಲಿವರ್ ಎಳೆಯಿರಿ. ಕೊಂಡಿ ಟಪ್ ಅಂತ ಪೂರ್ತಿ ತೆರೆದುಕೊಳ್ಳಬೇಕು. ಮತ್ತೆ ಒತ್ತಿ, ಈ ಸಲ ಕೀಯಿಂದ ತೆಗೆಯಿರಿ.

ಲಿವರ್, ಕೀ ಎರಡರಲ್ಲೂ ಚೆನ್ನಾಗಿ ತೆರೆಯುತ್ತಿದೆ, ಬಾಗಿಲು ಹಾಕಿದಾಗ ಮಾತ್ರ ತೊಂದರೆ ಅಂದರೆ ಲ್ಯಾಚು ನಿರಪರಾಧಿ. ಸ್ಟ್ರೈಕರ್ ಸರಿಯಾದ ಜಾಗದಲ್ಲಿಲ್ಲ, ಇಲ್ಲವೇ ಬೀಡಿಂಗ್ ದಪ್ಪ ಆಗಿದೆ. ಕೀಯಲ್ಲಿ ತೆರೆದು ಲಿವರ್‌ನಲ್ಲಿ ತೆರೆಯದಿದ್ದರೆ ತೊಂದರೆ ಇರುವುದು ಲಿವರ್‌ನಿಂದ ಲ್ಯಾಚಿಗೆ ಹೋಗುವ ಕೇಬಲ್ಲಿನಲ್ಲಿ. ಲಿವರ್‌ನಲ್ಲಿ ತೆರೆದು ಕೀಯಲ್ಲಿ ತೆರೆಯದಿದ್ದರೆ ಕೀ ಲಾಕು ಅಥವಾ ಅದರ ಹಿಂದಿನ ಕಡ್ಡಿ. ಎರಡರಲ್ಲೂ ಕೊಂಡಿ ಸೋಮಾರಿಯ ಹಾಗೆ ನಿಧಾನ ತಿರುಗಿದರೆ ಅಥವಾ ಅರ್ಧಕ್ಕೆ ನಿಂತರೆ ಲ್ಯಾಚೇ ಗಲೀಜಾಗಿದೆ. ನನ್ನದು ಈ ಕೊನೇ ಜಾತಿ. ಕೀ ಲಾಕ್ ಬದಲಾಯಿಸಿದ್ದು ಹಲ್ಲುನೋವಿಗೆ ಕನ್ನಡಕ ಹಾಕಿಸಿದ ಹಾಗೆ ಆಗಿತ್ತು.

ಪರೀಕ್ಷೆ ಮುಗಿದ ಮೇಲೆ ಲ್ಯಾಚನ್ನು ತೆರೆದೇ ಬಿಡಬೇಕು. ನಾನು ಮೊದಲ ಸಲ ಮರೆತು ಕೊಂಡಿ ಮುಚ್ಚಿರುವಾಗಲೇ ಬಾಗಿಲು ಬಡಿದೆ. ಢಣ್ ಅಂತ ಸ್ಟ್ರೈಕರ್ ಮೇಲೆ ಬಿದ್ದು ವಾಪಸ್ ಎದ್ದಿತು, ಬಾಗಿಲಿನ ತುದಿಯಲ್ಲಿ ಇವತ್ತಿಗೂ ಕಡಲೆಕಾಳಿನಷ್ಟು ಪೇಂಟ್ ಇಲ್ಲ.

ಲ್ಯಾಚ್ ತೊಳೆಯುವುದು

ಹತ್ತರಲ್ಲಿ ಏಳು ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ ಅನ್ನುವುದು ನನ್ನ ಅನುಭವ, ಅದಕ್ಕೇ ಇದನ್ನು ವಿವರವಾಗಿ ಹೇಳುತ್ತೇನೆ.

ನಮ್ಮೂರಿನ ಹವೆ ಲ್ಯಾಚಿಗೆ ಶತ್ರು. ಕಾಫಿ ಕೊಯ್ಲಿನ ಸಮಯದಲ್ಲಿ, ಅಂದರೆ ನವೆಂಬರ್‌ನಿಂದ ಫೆಬ್ರವರಿವರೆಗೆ, ತೋಟದ ಮಣ್ಣುರಸ್ತೆಯ ಕೆಂಪು ಧೂಳು ಕಾರಿನ ಹಿಂಭಾಗಕ್ಕೇ ಸುತ್ತಿ ಬಂದು ಅಂಟುತ್ತದೆ. ಹ್ಯಾಚ್‌ಬ್ಯಾಕ್‌ಗಳ ಬೆನ್ನು ಚಪ್ಪಟೆ, ಓಡುವಾಗ ಅಲ್ಲಿ ಗಾಳಿ ಸುಳಿ ಹಾಕಿಕೊಂಡು ಧೂಳನ್ನು ಎಳೆದುಕೊಳ್ಳುತ್ತದೆ. ಆಮೇಲೆ ಜೂನ್‌ನಿಂದ ನಾಲ್ಕು ತಿಂಗಳು ಮಳೆ. ಧೂಳಿಗೆ ನೀರು, ನೀರಿಗೆ ತುಕ್ಕು. ಇದರ ಮಧ್ಯೆ ನಾವು ಎಣ್ಣೆ ಬಿಡುತ್ತೇವೆ. ನಮ್ಮ ಮನೆಯಲ್ಲಿ ಬಾಗಿಲು ಕಿರ್ ಅಂದರೂ, ಬೀಗ ಬಿಗಿಯಾದರೂ ಅಪ್ಪ ತೆಗೆದುಕೊಳ್ಳುವುದು ಕೊಬ್ಬರಿ ಎಣ್ಣೆ ಬಾಟಲಿ. ಕಾರಿಗೂ ಅದೇ ಬಿದ್ದಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಂಗಳೂರಿನಲ್ಲಿ ಅದು ಎಣ್ಣೆಯಾಗಿಯೇ ಇರಬಹುದು, ಚಿಕ್ಕಮಗಳೂರಿನ ಮಳೆಗಾಲದ ಬೆಳಗ್ಗೆ ಅದು ಬೆಣ್ಣೆ. ನನ್ನ ಲ್ಯಾಚಿನ ಸಂದಿಯಿಂದ ಪಿನ್ನಲ್ಲಿ ಕೆರೆದು ತೆಗೆದದ್ದು ಇಟ್ಟಿಗೆ ಬಣ್ಣದ ಮೇಣ. ಬೆರಳಲ್ಲಿ ತಿಕ್ಕಿದರೆ ಒಳಗೆ ಮರಳು ಗರಗರ ಅನ್ನುತ್ತಿತ್ತು.

ಬೇಕಾದದ್ದು: 10 ನಂಬರ್ ರಿಂಗ್ ಸ್ಪಾನರ್ (ಕೆಲವದಕ್ಕೆ ಸ್ಟಾರ್ ಸ್ಕ್ರೂ ಇರುತ್ತದೆ), ಹಳೇ ಟೂತ್ ಬ್ರಶ್ಶು, ಸೀಮೆಎಣ್ಣೆ ಅಥವಾ ಡೀಸೆಲ್ಲು, ವೇಸ್ಟ್ ಬಟ್ಟೆ, ಬಿಳಿ ಲಿಥಿಯಂ ಗ್ರೀಸು, ಒಂದು ಮಾರ್ಕರ್ ಪೆನ್ನು. ಮೊಬೈಲು ಕೂಡ.

ಬೋಲ್ಟ್ ಸಡಿಲ ಮಾಡುವ ಮೊದಲು ಲ್ಯಾಚಿನ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ, ಫೋಟೋ ತೆಗೆಯಿರಿ. ವಾಪಸ್ ಕೂರಿಸುವಾಗ ಅದೇ ಗೆರೆಗೆ ಕೂರಿಸಿದರೆ ಅರ್ಧ ತಲೆನೋವು ತಪ್ಪುತ್ತದೆ. ಬೋಲ್ಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ, ಡಬ್ಲ್ಯೂಡಿ-40, ಹೊಡೆದು ಬಿಡಿ. ಬೆಳಗ್ಗೆ ಮೊದಲು ಸ್ವಲ್ಪ ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲ ಮಾಡಿ, ಆಗ ತುಕ್ಕಿನ ಪದರ ಒಡೆಯುತ್ತದೆ. ಕಡ್ಡಿ ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ಪು ಹಳೆಯದಾದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ, ಕೈಯಲ್ಲಿ ನಿಧಾನ ತಿರುಗಿಸಿ ಬಿಡಿಸಿ.

ಲ್ಯಾಚ್ ಕೈಗೆ ಬಂದ ಮೇಲೆ ಒಂದು ಡಬ್ಬಿಯಲ್ಲಿ ಸೀಮೆಎಣ್ಣೆ ಹಾಕಿ ಅರ್ಧ ಗಂಟೆ ಮುಳುಗಿಸಿ ಇಡಿ. ಆಮೇಲೆ ಬ್ರಶ್ಶಿನಲ್ಲಿ ಉಜ್ಜುತ್ತಾ, ಸ್ಕ್ರೂಡ್ರೈವರ್‌ನಿಂದ ಕೊಂಡಿಯನ್ನು ಮುಚ್ಚಿ ತೆರೆದು ಮಾಡುತ್ತಾ ಇರಿ. ಮೊದಲು ಕೆಸರಿನ ಬಣ್ಣದ ನೀರು ಬರುತ್ತದೆ. ನನ್ನದರಲ್ಲಿ ಮೂರನೇ ಸಲ ಎಣ್ಣೆ ಬದಲಾಯಿಸಿದ ಮೇಲೆ ಸ್ವಚ್ಛ ಬಂದಿತು. ಪೆಟ್ರೋಲ್ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು. ಸೀಮೆಎಣ್ಣೆಯನ್ನೂ ಹೊರಗೆ, ಗಾಳಿಯಲ್ಲಿ, ಬೀಡಿ ಸಿಗರೇಟು ದೂರ ಇಟ್ಟು ಬಳಸಿ.

ಒರೆಸಿ ಒಣಗಿದ ಮೇಲೆ ಬಿಸಿಲಿಗೆ ಹಿಡಿದು ಮೂರು ಜಾಗ ನೋಡಿ. ಸ್ಪ್ರಿಂಗಿನ ಎರಡೂ ತುದಿ ತಮ್ಮ ಗೂಡಿನಲ್ಲಿ ಕೂತಿವೆಯಾ? ಕೊಂಡಿಯ ಹಲ್ಲಿನ ಅಂಚು ಚೂಪಾಗಿದೆಯಾ, ಇಲ್ಲ ಸವೆದು ಗುಂಡಗಾಗಿದೆಯಾ? ಕೊಂಡಿ ತಿರುಗುವ ರಿವೆಟ್ಟು ಅಲ್ಲಾಡುತ್ತದೆಯಾ? ಅಂಚು ಗುಂಡಗಾಗಿದ್ದರೆ ಅಥವಾ ರಿವೆಟ್ ಲಡಬಡ ಅಂದರೆ ಮಾತ್ರ ಲ್ಯಾಚ್ ಬದಲಾಯಿಸಿ. ಫೈಲ್ ಹಾಕಿ ಚೂಪು ಮಾಡುವ ಬುದ್ಧಿವಂತಿಕೆ ಬೇಡ, ಓಡುವಾಗ ಬಾಗಿಲು ತೆರೆದುಕೊಳ್ಳಬಹುದು. ಇಲ್ಲದಿದ್ದರೆ ರಿವೆಟ್ಟು, ಸ್ಪ್ರಿಂಗು, ಹಲ್ಲು ಸೇರುವ ಜಾಗಕ್ಕೆ ಮಾತ್ರ ಬಿಳಿ ಗ್ರೀಸ್ ತೆಳ್ಳಗೆ ಹಚ್ಚಿ. ತುಂಬಬೇಡಿ. ಜಾಸ್ತಿ ಗ್ರೀಸು ಅಂದರೆ ಮುಂದಿನ ಕೊಯ್ಲಿನ ಧೂಳಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಡಬ್ಲ್ಯೂಡಿ-40 ನೀರು ಓಡಿಸುವುದಕ್ಕೆ, ತುಕ್ಕು ಬಿಡಿಸುವುದಕ್ಕೆ ಒಳ್ಳೆಯದು, ಆದರೆ ಗ್ರೀಸಿನ ಕೆಲಸ ಅದು ಮಾಡುವುದಿಲ್ಲ, ಬೇಗ ಆರಿಹೋಗುತ್ತದೆ.

ಕೀ ಲಾಕಿಗೆ ಮಾತ್ರ ಗ್ರೀಸೂ ಬೇಡ, ಎಣ್ಣೆಯೂ ಬೇಡ. ಅದರೊಳಗಿನ ತುಣುಕುಗಳು ಬಹಳ ಸಣ್ಣವು. ಗ್ರಾಫೈಟ್ ಪುಡಿ ಹಾಕಿ, ಸಿಗದಿದ್ದರೆ ಪೆನ್ಸಿಲ್ ಕಡ್ಡಿಯನ್ನು ಕೀಯ ಮೇಲೆ ಚೆನ್ನಾಗಿ ಉಜ್ಜಿ ಹತ್ತಿಪ್ಪತ್ತು ಸಲ ಹಾಕಿ ತೆಗೆಯಿರಿ. ಕೀ ಸುಮ್ನೆ ತಿರುಗುತ್ತದೆ, ಹಿಂದೆ ಏನೂ ಅಲುಗುವುದಿಲ್ಲ ಅಂದರೆ ಕಡ್ಡಿಯ ಕ್ಲಿಪ್ಪು ಕಳಚಿದೆ ಅಂತ ಅರ್ಥ. ಹತ್ತು ನಿಮಿಷದ ಕೆಲಸ.

ಕೇಬಲ್ಲಿನ ಕಥೆ

ಲಿವರ್ ಎಳೆದಾಗ ಕೈಗೆ ಏನೂ ತಾಗದೆ ಸಡಿಲವಾಗಿ ಬಂದರೆ ವೈರ್ ಕಳಚಿದೆ ಅಥವಾ ತುಂಡಾಗಿದೆ. ಕಲ್ಲಿನ ಹಾಗೆ ಬಿಗಿಯಾಗಿದ್ದರೆ ಹೊರಕವಚದೊಳಗೆ ತುಕ್ಕು ಹಿಡಿದಿದೆ. ಅರ್ಧ ಎಳೆದ ಮೇಲೆ ಹಿಡಿತ ಸಿಗುತ್ತದೆ ಅಂದರೆ ವೈರ್ ಉದ್ದ ಆಗಿದೆ. ಎರಡು ಮೂರು ಮಿಲಿಮೀಟರ್ ಸಡಿಲ ಇರಬೇಕು. ಅದಕ್ಕಿಂತ ಬಿಗಿ ಮಾಡಿದರೆ ಅಡ್ಡಹಲ್ಲು ಪೂರ್ತಿ ಕೂರದೆ, ಗುಂಡಿಗೆ ಇಳಿದಾಗ ಡಿಕ್ಕಿ ತಾನೇ ಹಾರುತ್ತದೆ.

ತುಕ್ಕು ಹಿಡಿದ ಕೇಬಲ್ಲಿಗೆ ಎಣ್ಣೆ ಬಿಟ್ಟು ಒಂದು ತಿಂಗಳು ದೂಡಬಹುದು, ಮಳೆಗಾಲಕ್ಕೆ ಮತ್ತೆ ಅದೇ. ಬದಲಾಯಿಸುವುದೇ ಸರಿ. ಹಳೇ ಕೇಬಲ್ಲಿನ ಹಿಂದಿನ ತುದಿಗೆ ಗಟ್ಟಿ ನೈಲಾನ್ ದಾರ ಕಟ್ಟಿ, ಗಂಟಿನ ಮೇಲೆ ಟೇಪ್ ಸುತ್ತಿ, ಮುಂದಿನಿಂದ ಎಳೆಯಿರಿ. ಕೇಬಲ್ ಹೊರಗೆ ಬಂದಾಗ ಅದರ ದಾರಿಯಲ್ಲಿ ದಾರ ಉಳಿದಿರುತ್ತದೆ. ಆ ದಾರಕ್ಕೆ ಹೊಸ ಕೇಬಲ್ ಕಟ್ಟಿ ವಾಪಸ್ ಹಿಂದಕ್ಕೆ ಎಳೆದರೆ ಆಯಿತು, ಕಾರ್ಪೆಟ್ ಎಲ್ಲ ಕೀಳಬೇಕಾಗಿಲ್ಲ. ಇದನ್ನು ಮರೆತು ಸುಮ್ನೆ ಎಳೆದು ಹೊರಗೆ ಹಾಕಿದರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ, ನನಗೆ ಹೋಗಿದೆ. ಕಂಪನಿ ಕೇಬಲ್ ಸಿಗದಿದ್ದರೆ ಗುಜರಿಯಲ್ಲಿ ಹುಡುಕಿ, ಅಲ್ಲೂ ಇಲ್ಲದಿದ್ದರೆ ಬೈಕಿನ ಕ್ಲಚ್ ವೈರು, ಸ್ಕ್ರೂ ಹಾಕಿ ಬಿಗಿಯುವ ನಿಪ್ಪಲ್ಲು ಸೇರಿಸಿ ಮಾಡಿಕೊಡುವವರು ಇದ್ದಾರೆ. ಉದ್ದ ಅಳೆದುಕೊಂಡು ಹೋಗಿ.

ಕರೆಂಟಿನಲ್ಲಿ ತೆರೆಯುವ ಲಾಕಾದರೆ ಮೊದಲು ಫ್ಯೂಸು, ಆಮೇಲೆ ಬಾಡಿಯಿಂದ ಬಾಗಿಲಿಗೆ ಹೋಗುವ ರಬ್ಬರ್ ಕೊಳವೆಯೊಳಗಿನ ವೈರು ನೋಡಿ. ಬಾಗಿಲು ಎತ್ತಿ ಇಳಿಸಿ ಅಲ್ಲೇ ವೈರ್ ಮುರಿಯುತ್ತದೆ, ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಾಮ್ರ ತುಂಡಾಗಿರುತ್ತದೆ. ಮಲ್ಟಿಮೀಟರ್ ಇಟ್ಟು, ಸ್ವಿಚ್ ಒತ್ತಿದಾಗ ಲಾಕಿನ ಹತ್ತಿರ 12 ವೋಲ್ಟ್ ಬರುತ್ತಿದೆಯಾ ನೋಡಿ.

ಸ್ಟ್ರೈಕರ್, ಬೀಡಿಂಗ್

ಲ್ಯಾಚ್ ಸ್ವಚ್ಛ ಆದ ಮೇಲೂ ಬಾಗಿಲನ್ನು ಬಡಿದೇ ಹಾಕಬೇಕು ಅಂದರೆ ಸ್ಟ್ರೈಕರ್ ನೋಡಿ. ಹಿಂದಿನಿಂದ ಯಾರಾದರೂ ಸಣ್ಣಗೆ ಗುದ್ದಿದ್ದರೂ ಅದು ಒಂದೆರಡು ಮಿಲಿಮೀಟರ್ ಸರಿದಿರುತ್ತದೆ. ಮೊದಲು ಬಾಗಿಲಿನ ಎಡ ಬಲದ ಸಂದು ಸಮ ಇದೆಯಾ ಗಮನಿಸಿ. ಸಂದೇ ಸೊಟ್ಟ ಇದ್ದರೆ ಬಾಗಿಲಿನ ಕೀಲು (ಹಿಂಜ್) ಸರಿದಿದೆ, ಅದನ್ನು ಟಿಂಕರಿಂಗ್‌ನವರಿಗೆ ಬಿಡಿ. ಸಂದು ಸರಿ ಇದ್ದರೆ ಸ್ಟ್ರೈಕರ್ ಮೇಲೆ ವಿಭೂತಿಯನ್ನು ನೀರಲ್ಲಿ ಕಲಸಿ ಹಚ್ಚಿ, ಬಾಗಿಲನ್ನು ನಿಧಾನವಾಗಿ ಹಾಕಿ ತೆಗೆಯಿರಿ. ಲ್ಯಾಚ್ ಬಾಯಿಯ ಯಾವ ಕಡೆಗೆ ಬಿಳಿ ಹತ್ತಿದೆಯೋ ಆ ಕಡೆ ತಾಗುತ್ತಿದೆ. ಸ್ಟ್ರೈಕರ್ ಇರುವ ಜಾಗಕ್ಕೆ ಮಾರ್ಕರ್ ಗೆರೆ ಹಾಕಿ, ಬೋಲ್ಟ್ ಕಾಲು ಸುತ್ತು ಸಡಿಲಿಸಿ, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ಒಂದೇ ಒಂದು ಮಿಲಿಮೀಟರ್ ಸರಿಸಿ. ಬಿಗಿ ಮಾಡಿ ಮತ್ತೆ ಪರೀಕ್ಷೆ. ಒಂದು ಸಲಕ್ಕೆ ಒಂದೇ ದಿಕ್ಕು.

ಇಲ್ಲಿ ಕಾಗದದ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಪೇಪರಿನ ಪಟ್ಟಿ ಕತ್ತರಿಸಿ ಬೀಡಿಂಗ್ ಮೇಲೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸ್ವಲ್ಪ ಹಿಡಿದು ಹಿಡಿದು ಬರಬೇಕು. ಸಲೀಸಾಗಿ ಜಾರಿದರೆ ಅಲ್ಲಿಂದ ನೀರು ಬರುತ್ತದೆ, ಹರಿದುಹೋದರೆ ಅಲ್ಲಿ ಒತ್ತಡ ಜಾಸ್ತಿ. ಹೊಸ ಬೀಡಿಂಗ್ ಹಾಕಿದ ಮೇಲೆ ಲಾಕ್ ಕೆಟ್ಟಿತು ಅಂತ ಬರುವವರ ಕಾರಿನಲ್ಲಿ ಲಾಕ್ ಕೆಟ್ಟಿರುವುದಿಲ್ಲ, ಅಳತೆ ಮೀರಿದ ದಪ್ಪ ರಬ್ಬರು ಬಾಗಿಲನ್ನು ನೂಕುತ್ತಿರುತ್ತದೆ. ಬಾಗಿಲಿನ ಅಂಚಿನಲ್ಲಿರುವ ರಬ್ಬರ್ ಗುಬುಟುಗಳನ್ನೂ ನೋಡಿ, ತಿರುಗಿಸಿ ಎತ್ತರ ಬದಲಾಯಿಸುವ ಜಾತಿಯದಾದರೆ ಅರ್ಧ ಸುತ್ತು ಇಳಿಸಿ. ಹಾಗೇ ಬಾಗಿಲಿನ ಕೆಳ ಅಂಚಿನ ನೀರು ಹೋಗುವ ತೂತುಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸಿ. ಅಲ್ಲಿ ನಿಂತ ನೀರೇ ಲ್ಯಾಚಿಗೆ ತುಕ್ಕು ಹಿಡಿಸುವುದು.

ಇಷ್ಟು ಹೊತ್ತು ಕೆಲಸ ಮಾಡುವಾಗ ಬಾಗಿಲನ್ನು ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಕೊಳವೆ ನಂಬಿಕೊಂಡು ಬಿಡಬೇಡಿ. ಚಳಿಯಲ್ಲಿ ಅದರ ಒತ್ತಡ ಇಳಿಯುತ್ತದೆ, ಹಳೆಯದು ಬೆಳಗ್ಗೆ ಹೊತ್ತು ತಲೆ ಮೇಲೆ ಬಾಗಿಲು ಬಿಟ್ಟುಬಿಡುತ್ತದೆ. ಒಂದು ಕೋಲು ಕೊಟ್ಟುಕೊಳ್ಳಿ. ಸ್ಟ್ರಟ್ಟನ್ನು ಕೊರೆಯುವುದು, ಬಿಸಿ ಮಾಡುವುದು ಬೇಡವೇ ಬೇಡ, ಒಳಗೆ ಭಾರೀ ಒತ್ತಡದ ಗ್ಯಾಸ್ ಇರುತ್ತದೆ.

ಟ್ರಿಮ್ ವಾಪಸ್ ಹಾಕುವ ಮೊದಲು ಸ್ಕ್ರೂಡ್ರೈವರ್ ಪರೀಕ್ಷೆ ಇನ್ನೊಮ್ಮೆ, ಆಮೇಲೆ ಬಾಗಿಲು ಹಾಕಿ ತೆಗೆದು ಹತ್ತು ಸಲ. ನಾನು ಮೇ ಕೊನೆಗೆ ಒಂದು ಸಲ, ಕೊಯ್ಲು ಮುಗಿದ ಮೇಲೆ ಒಂದು ಸಲ ಲ್ಯಾಚ್ ಒರೆಸಿ ಗ್ರೀಸ್ ಹಚ್ಚುತ್ತೇನೆ. ಕೊಬ್ಬರಿ ಎಣ್ಣೆ ಬಾಟಲಿ ಈಗ ಅಪ್ಪನ ತಲೆಗೆ ಮಾತ್ರ.

ಇನ್ನೊಂದು ಕೆಲಸ, ಟ್ರಿಮ್ ಬಿಚ್ಚಿರುವಾಗಲೇ ಮಾಡಿಬಿಡಿ. ಲ್ಯಾಚಿನ ಕಡ್ಡಿಗೆ ಒಂದು ನೈಲಾನ್ ದಾರ ಕಟ್ಟಿ, ಎಳೆತ ಇಲ್ಲದಂತೆ ಸಡಿಲ ಬಿಟ್ಟು, ತುದಿಯನ್ನು ಟ್ರಿಮ್ಮಿನ ಸಂದಿಯಿಂದ ಒಳಗೆ ತನ್ನಿ. ಮುಂದೆ ಕೇಬಲ್ ಕೈಕೊಟ್ಟರೆ ಹಿಂದಿನ ಸೀಟಿನಿಂದಲೇ ಕೈ ಚಾಚಿ ದಾರ ಎಳೆದು ಡಿಕ್ಕಿ ತೆಗೆಯಬಹುದು. ನಾನು ಮೊದಲು ಅದರ ತುದಿಗೆ ಕೆಂಪು ಮಣಿ ಕಟ್ಟಿ ಚೆಂದ ಮಾಡಿದ್ದೆ. ಕೈಮರದ ತಿರುವಿನಲ್ಲಿ ಮಗಳು ಅದನ್ನು ಎಳೆದು ನೋಡಿದಳು. ಈಗ ಮಣಿ ಇಲ್ಲ, ದಾರದ ತುದಿಯನ್ನು ಸುತ್ತಿ ಕ್ಲಿಪ್ಪಿನ ಹಿಂದೆ ಸಿಕ್ಕಿಸಿಟ್ಟಿದ್ದೇನೆ.